ಸರಿಯುತ್ತರ ನಾಳೆಯ ಪತ್ರಿಕೆಯಲ್ಲಿ

ನಮ್ಮಪ್ಪ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ಬೆಳಿಗ್ಗೆ ಕಾಫಿ ಕುಡಿದು ಪತ್ರಿಕೆ ಬಿಡಿಸಿದರೆ ಅವರ ಕಣ್ಣು ಮೊದಲು ಹೋಗುವುದು ಪದಬಂಧದ ಕಡೆಗೆ. ಕೈಯಲ್ಲೊಂದು ಪೆನ್ಸಿಲ್ಲು, ಪಕ್ಕದಲ್ಲೊಂದು ರಬ್ಬರು. ಹೋದ ದಸರಾ ರಜೆಗೆ ಊರಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅವರು ಹಿಂದಿನ ದಿನದ ಪದಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಏನನ್ನೋ ಅಳಿಸುತ್ತಿದ್ದರು. ಬಗ್ಗಿ ನೋಡಿದೆ. ಸುಳಿವು 'ತಾವರೆ (3)' ಎಂದಿತ್ತು. ಮೂರನೆಯ ಮನೆಯಲ್ಲಿ ಮೇಲಿನಿಂದ ಇಳಿದು ಬಂದ 'ಜ' ಕೂತಿತ್ತು. ಉಳಿದೆರಡು ಮನೆಗಳಿಗೆ ಯಾವ ಪದವೂ ಅಡ್ಡ ಬಂದಿರಲಿಲ್ಲ. ಅಪ್ಪ 'ಸರೋಜ' ಎಂದು ಬರೆದಿದ್ದರು. ಆ ದಿನದ ಪತ್ರಿಕೆ 'ನೀರಜ' ಎಂದು ಉತ್ತರ ಕೊಟ್ಟಿತ್ತು. ಅಪ್ಪ ಸರೋಜವನ್ನು ಅಳಿಸಿ ನೀರಜವನ್ನು ತುಂಬುತ್ತಿದ್ದರು.

"ಅಪ್ಪಾ, ಸರೋಜ ಅಂದ್ರೂ ತಾವರೇನೇ ಅಲ್ವಾ?" ಎಂದೆ.

"ಹೌದು ಕಣವ್ವಾ. ಆದ್ರೆ ಉತ್ತರ ನೀರಜ ಅಂತೆ."

ಆ 'ಅಂತೆ' ನನ್ನನ್ನು ಬಿಡಲಿಲ್ಲ. 32 ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮನುಷ್ಯ ತನ್ನ ಸರಿಯಾದ ಉತ್ತರವನ್ನು ತಾನೇ ಅಳಿಸಿ, ಇನ್ನೊಬ್ಬರ ಸರಿಯಾದ ಉತ್ತರವನ್ನು ಬರೆದುಕೊಳ್ಳುತ್ತಿದ್ದರು. ಅವರಿಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ. ನನಗೆ ಕಂಡಿತು. ಈ ಬರಹ ಆ ಅವಮಾನದ ಬಗ್ಗೆ.

ಲೆಕ್ಕ ಹಾಕಿ ನೋಡೋಣ. ಮೂರಕ್ಷರ, ಕೊನೆಗೆ 'ಜ', ಅರ್ಥ ತಾವರೆ. ಪಂಕಜ, ನೀರಜ, ಸರೋಜ, ಜಲಜ, ವಾರಿಜ, ಅಂಬುಜ, ವನಜ. ಹೆಚ್ಚು ತಡಕಾಡದೆ ಏಳು ಸಿಕ್ಕವು. ಏಳೂ ಸರಿ. ಆದರೆ ಪತ್ರಿಕೆಯ ಮಟ್ಟಿಗೆ ಒಂದು ಮಾತ್ರ ಸರಿ, ಉಳಿದ ಆರು ತಪ್ಪು. ಯಾಕೆ ತಪ್ಪು ಎಂದು ಕೇಳಿದರೆ ಉತ್ತರವಿಲ್ಲ. ರಚಿಸಿದವರು ಅದನ್ನು ನೆನೆದಿರಲಿಲ್ಲ, ಅಷ್ಟೆ. ಇದನ್ನು ಬುದ್ಧಿಗೆ ಕಸರತ್ತು ಎಂದು ಕರೆಯುತ್ತೇವೆ. ನಿಜಕ್ಕೂ ಇದು ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಕಸರತ್ತು. ಶಾಲೆಯಲ್ಲಿ ಸಮಾನಾರ್ಥಕ ಪದ ಬರೆಯಿರಿ ಎಂದಾಗ ಗೈಡಿನಲ್ಲಿದ್ದದ್ದನ್ನೇ ಬರೆದವರಿಗೆ ಅಂಕ ಸಿಗುತ್ತಿತ್ತಲ್ಲ, ಅದರ ಮುಂದುವರಿದ ಭಾಗ.

ನನ್ನ ವಾದ ಇಷ್ಟು: ನಮ್ಮ ಪದಬಂಧಗಳು ಕನ್ನಡವನ್ನು ಸಮಾನಾರ್ಥಕ ಪದಗಳ ಗೋದಾಮು ಮಾಡಿಬಿಟ್ಟಿವೆ. ಅದರಿಂದ ಆಟದ ಸೊಗಸು ಹೋಯಿತು ಎಂಬುದು ಸಣ್ಣ ನಷ್ಟ. ಓದುಗರ ಕೈಯಲ್ಲಿರಬೇಕಾದ ತೀರ್ಪಿನ ಹಕ್ಕು ಹೋಯಿತು ಎಂಬುದು ದೊಡ್ಡ ನಷ್ಟ. ಅದನ್ನು ವಾಪಸು ಕೊಡುವ ದಾರಿಯೂ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಿಪ್ಟಿಕ್ ಎನ್ನುತ್ತಾರೆ. ಕನ್ನಡದಲ್ಲಿ ಅದು ಆಗುವುದಿಲ್ಲ ಎನ್ನುವವರ ಜೊತೆ ನನ್ನ ಜಗಳ.

ಕ್ರಿಪ್ಟಿಕ್ ಸುಳಿವಿನಲ್ಲಿ ಉತ್ತರಕ್ಕೆ ಎರಡು ದಾರಿಗಳಿರುತ್ತವೆ. ಸುಳಿವಿನ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರುತ್ತದೆ. ಉಳಿದ ಭಾಗ ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ಬಗೆಯನ್ನು ಹೇಳುತ್ತದೆ: ಎರಡು ಪದ ಕೂಡಿಸು, ಒಂದನ್ನು ತಿರುಗಿಸು, ಅಕ್ಷರಗಳನ್ನು ಕಲಸು, ಒಳಗೆ ಅಡಗಿದ್ದನ್ನು ಹುಡುಕು. ಎರಡು ದಾರಿಗಳೂ ಒಂದೇ ಪದದಲ್ಲಿ ಸೇರಿದರೆ ಉತ್ತರ ಸರಿ. ಯಾರನ್ನೂ ಕೇಳಬೇಕಾಗಿಲ್ಲ. ಮೇಲ್ನೋಟಕ್ಕೆ ವಾಕ್ಯ ಬೇರೇನನ್ನೋ ಹೇಳಿ ದಾರಿ ತಪ್ಪಿಸುತ್ತದೆ, ಆದರೆ ಅದರೊಳಗೆ ಸುಳ್ಳು ಇರುವಂತಿಲ್ಲ.

ಅದೇ ಏಳು ತಾವರೆಗಳನ್ನು ಈಗ ಹೀಗೆ ಕೇಳುತ್ತೇನೆ.

ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅದೇ ತಾವರೆ (3).

ಏಳರಲ್ಲಿ ಹಿಂದುಮುಂದಾಗಿ ಓದಿದರೂ ಬದಲಾಗದ್ದು ಒಂದೇ: ಜಲಜ. ಪಂಕಜ ಬರೆದವರು ತಾವೇ ಅಳಿಸುತ್ತಾರೆ, ಆದರೆ ಯಾಕೆ ಅಳಿಸುತ್ತಿದ್ದೇವೆ ಎಂದು ಗೊತ್ತಿದ್ದು ಅಳಿಸುತ್ತಾರೆ.

ನೀ ಧೂಳಿನ ಪಕ್ಕ ನಿಂತರೆ ತಾವರೆ (3).

ಧೂಳು ಎಂದರೆ ರಜ. 'ನೀ' ಅದರ ಪಕ್ಕ ನಿಂತರೆ ನೀರಜ. ಅಪ್ಪನ ಪದಬಂಧದಲ್ಲಿ ಹೀಗಿದ್ದಿದ್ದರೆ ಸರೋಜವನ್ನು ಅವರು ಬರೆಯುತ್ತಲೇ ಇರಲಿಲ್ಲ.

ಯೌವನ, ಜರೆ ಎರಡರ ನಡುವೆ ಅರಳಿದ ತಾವರೆ (3).

'ಯೌವನ ಜರೆ' ಎಂಬ ಐದು ಅಕ್ಷರಗಳ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ನೋಡಿ. ನಡುವೆ ವನಜ ಇದೆ. ಅದನ್ನು ನಾನು ಇಟ್ಟದ್ದಲ್ಲ, ಭಾಷೆಯೇ ಇಟ್ಟುಕೊಂಡಿತ್ತು. ಕಂಡ ದಿನ ಹಾಸ್ಟೆಲಿನ ಕಾರಿಡಾರಿನಲ್ಲಿ ಒಬ್ಬಳೇ ನಕ್ಕೆ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಲಿಪಿಯದು. ಇಂಗ್ಲಿಷಿಗೆ 26 ಬಿಡಿ ಅಕ್ಷರಗಳು, ಹೇಗೆ ಬೇಕಾದರೂ ಕಲಸಬಹುದು. ನಮ್ಮದು ಕಾಗುಣಿತ, ಒತ್ತಕ್ಷರ, ಸೊನ್ನೆ. ಇದರಲ್ಲಿ ಅಂಥ ಆಟ ಆಗದು ಎನ್ನುತ್ತಾರೆ. ಹೇಳುವವರು ಒಂದನೇ ತರಗತಿಯನ್ನು ಮರೆತಿದ್ದಾರೆ. ಅಲ್ಲಿ ನಾವು ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು ಎಂದು ಕೂಗಿ ಕಲಿತೆವು. ಈ ಹೆಸರುಗಳನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಇಳಿ, ಗುಡಿಸು, ಕೊಂಬು, ಸೊನ್ನೆ. ಪ್ರತಿಯೊಂದಕ್ಕೂ ಮನೆಮಾತಿನಲ್ಲಿ ಇನ್ನೊಂದು ಅರ್ಥ ಇದೆ. ಇಂಗ್ಲಿಷಿನ ಸುಳಿವುಗಾರನಿಗೆ ತನ್ನ ಸ್ವರಗಳಿಗೆ ಇಂಥ ಹೆಸರುಗಳೇ ಇಲ್ಲ. ನಮ್ಮ ಲಿಪಿ ಬಲೆ ಹೆಣೆದು ಕೈಗೆ ಕೊಟ್ಟಿದೆ.

ಆನೆಗೆ ಮೊದಲು ಕೊಂಬು ಬಂದರೆ ಮಂದೆಯ ಪ್ರಾಣಿ (2).

ಆನೆ ಎಂದರೆ ಕರಿ. ಮೊದಲಕ್ಷರಕ್ಕೆ ಕೊಂಬು ಕೊಟ್ಟರೆ ಕುರಿ.

ಕವಿಯ ಮೊದಲ ಮನೆ ಗುಡಿಸಿದರೆ ಕೇಳಿಸುವುದು ಇದಕ್ಕೆ (2).

ಕವಿಯ 'ಕ'ಗೆ ಗುಡಿಸು ಹಾಕಿ. ಕಿವಿ. ಕಲಿಸುವುದಕ್ಕೂ ಕನ್ನಡದಲ್ಲಿ ಕೊರತೆಯಿಲ್ಲ. ಸಮರವನ್ನೋ ಮದನನನ್ನೋ ಚೆಲ್ಲಾಪಿಲ್ಲಿ ಮಾಡಿ ನೋಡಿ. 'ಮದನ ಚೆಲ್ಲಾಪಿಲ್ಲಿಯಾದರೆ ಹತ್ತಿಕ್ಕುವಿಕೆ (3)' ಎಂದರೆ ದಮನ. ಶಿವನ ಕಥೆ ಗೊತ್ತಿದ್ದವರಿಗೆ ಅದರಲ್ಲಿ ಇನ್ನೊಂದು ನಗು.

ಎರಡನೆಯ ಆಕ್ಷೇಪ ಸಂಧಿಯದು, ವಿಭಕ್ತಿಯದು. ಕನ್ನಡದ ಪದಗಳು ಒಂದಕ್ಕೊಂದು ಅಂಟಿಕೊಳ್ಳುವಾಗ ರೂಪ ಬದಲಿಸುತ್ತವೆ, ಆದ್ದರಿಂದ ಕೂಡಿಸುವ ಆಟ ಕಷ್ಟ ಎನ್ನುತ್ತಾರೆ. ಅದು ಕಷ್ಟವಲ್ಲ, ಹೆಚ್ಚುವರಿ ರುಚಿ. 'ಬಂಡೆ ಮಾರುವ ಮಳಿಗೆಯಲ್ಲಿ ಬೇಸಿಗೆಯ ಹಣ್ಣು (4)' ಎಂದು ಕೇಳಿದರೆ ಕಲ್ಲು, ಅಂಗಡಿ ಎರಡೂ ಲೋಪಸಂಧಿಯಾಗಿ ಕಲ್ಲಂಗಡಿ ಆಗುತ್ತವೆ. ಎಂಟನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತ ಲೋಪಸಂಧಿ ಇಲ್ಲಿ ಬಾಯಲ್ಲಿ ನೀರು ತರಿಸುತ್ತದೆ. ವಿಭಕ್ತಿ ಪ್ರತ್ಯಯ ಸುಳಿವಿನ ಗುಟ್ಟನ್ನು ಬಿಟ್ಟುಕೊಡುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಇಂಗ್ಲಿಷಿನಲ್ಲಿ ನಾಮಪದವೂ ಕ್ರಿಯಾಪದವೂ ಒಂದೇ ವೇಷದಲ್ಲಿ ಓಡಾಡುವಷ್ಟು ಸುಲಭವಾಗಿ ನಮ್ಮಲ್ಲಿ ಓಡಾಡವು. ಆದರೆ ಅದೇ ಪ್ರತ್ಯಯ ಗುಟ್ಟನ್ನು ಕಾಯಲೂ ಬಲ್ಲದು. 'ರಾಮನಗರದೊಳಗಿನ ಬೆಟ್ಟ (2)' ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಶೋಲೆ ಸಿನಿಮಾದ ಬಂಡೆಗಳು. 'ರಾಮನಗರ' ಎಂಬ ಪದದ ಒಳಗೇ ಬೆಟ್ಟ ಇದೆ: ನಗ.

ಮೂರನೆಯ ಆಕ್ಷೇಪವೇ ನಿಜವಾದದ್ದು, ಉಳಿದೆರಡು ಅದರ ನೆಪಗಳು. ಇದು ಇಂಗ್ಲಿಷರ ಆಟ, ನಮಗ್ಯಾಕೆ ಎನ್ನುವುದು. ಇದಕ್ಕೆ ಎರಡು ಉತ್ತರಗಳಿವೆ.

ಒಂದು, ಇಂಗ್ಲಿಷಿಗೂ ಇದು ಹುಟ್ಟುವಾಗಲೇ ಬಂದದ್ದಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಪ್ರಕಟಿಸಿದ ಮೊದಲ ಪದಬಂಧದಲ್ಲಿ ಇದ್ದದ್ದು ನಮ್ಮಲ್ಲಿರುವಂಥ ನೇರ ಸುಳಿವುಗಳೇ. ಶಬ್ದಚಮತ್ಕಾರವನ್ನೇ ಪೂರ್ತಿ ನೆಚ್ಚಿದ ಸುಳಿವು ಬಂದದ್ದು ಮುಂದಿನ ದಶಕದಲ್ಲಿ, ಬ್ರಿಟನ್ನಿನಲ್ಲಿ. 1926ರಿಂದ ಅಬ್ಸರ್ವರ್ ಪತ್ರಿಕೆಗೆ ಟಾರ್ಕ್ವೆಮಾಡಾ ಎಂಬ ಗುಪ್ತನಾಮದಲ್ಲಿ ಬರೆದ ಎಡ್ವರ್ಡ್ ಪೋವಿಸ್ ಮ್ಯಾದರ್ಸ್ ಅದಕ್ಕೆ ಹಾದಿ ಹಾಕಿದ. ಅವನ ನಂತರ ಬಂದ ಕ್ಸಿಮೆನೆಸ್, ಅಂದರೆ ಡೆರಿಕ್ ಮ್ಯಾಕ್‌ನಟ್, ಯಾವ ಸುಳಿವು ನ್ಯಾಯದ್ದು, ಯಾವುದು ಅನ್ಯಾಯದ್ದು ಎಂದು ನಿಯಮಗಳನ್ನೇ ಕಟ್ಟಿ 1966ರಲ್ಲಿ ಪುಸ್ತಕ ಮಾಡಿದ. ಅಂದರೆ ನಾವು ಇವತ್ತು ನಿಂತಿರುವ ಜಾಗದಲ್ಲೇ ಅವರೂ ಒಮ್ಮೆ ನಿಂತಿದ್ದರು. ನಾಲ್ಕಾರು ಮಂದಿ ಹಟ ಹಿಡಿದು ಕೂತರು, ಅಲ್ಲಿಂದ ಎದ್ದರು.

ಈ ಮ್ಯಾದರ್ಸ್ ಬಗ್ಗೆ ಇನ್ನೊಂದು ಮಾತು. 1919ರಲ್ಲಿ ಆತ ಒಂದು ಸಂಸ್ಕೃತ ಕಾವ್ಯವನ್ನು ಬಹಳ ಸ್ವತಂತ್ರವಾಗಿ ಇಂಗ್ಲಿಷಿಗೆ ತಂದಿದ್ದ. ಅದು ಚೌರಪಂಚಾಶಿಕಾ. ಅದನ್ನು ಬರೆದವನು ಎಂದು ಪರಂಪರೆ ಹೇಳುವ ಬಿಲ್ಹಣ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನಕವಿ. ಇದನ್ನು ಹೇಳಿದ ಕೂಡಲೇ "ನೋಡಿ, ಕ್ರಿಪ್ಟಿಕ್ಕೂ ನಮ್ಮ ಬಸವಕಲ್ಯಾಣದಿಂದಲೇ ಹೋದದ್ದು" ಎಂದು ಫಾರ್ವರ್ಡ್ ಹೊರಡಿಸುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲ ನಮ್ಮದೇ ಎನ್ನುವ ಹೆಮ್ಮೆಯೂ ಏನೂ ನಮ್ಮಿಂದಾಗದು ಎನ್ನುವ ಕೀಳರಿಮೆಯೂ ಒಂದೇ ಸೋಮಾರಿತನದ ಎರಡು ಮಗ್ಗುಲುಗಳು. ಎರಡೂ ಕೂತು ಒಂದು ಸುಳಿವನ್ನು ಬರೆಯುವ ಕೆಲಸದಿಂದ ನಮ್ಮನ್ನು ಪಾರು ಮಾಡುತ್ತವೆ.

ಎರಡನೆಯ ಉತ್ತರ ನಮ್ಮ ಪುಸ್ತಕದ ಕಪಾಟಿನಲ್ಲೇ ಇದೆ. ಏಳನೇ ಶತಮಾನದ ಬಾಣ ತನ್ನ ಕಾದಂಬರಿಯಲ್ಲಿ ಶೂದ್ರಕ ರಾಜನ ಕಾಲಕ್ಷೇಪಗಳನ್ನು ಪಟ್ಟಿ ಮಾಡುತ್ತಾನೆ. ಅದರಲ್ಲಿ ಅಕ್ಷರಚ್ಯುತಕ ಇದೆ, ಒಂದು ಅಕ್ಷರ ಬಿಟ್ಟರೆ ಬೇರೆ ಅರ್ಥ ಹೊಮ್ಮುವುದು. ಮಾತ್ರಾಚ್ಯುತಕ ಇದೆ, ಸ್ವರಚಿಹ್ನೆ ಬಿಟ್ಟರೆ ಅರ್ಥ ತಿರುಗುವುದು. ಬಿಂದುಮತಿ ಇದೆ, ಅಕ್ಷರಗಳ ಜಾಗದಲ್ಲಿ ಚುಕ್ಕೆಯಿಟ್ಟು ಸ್ವರಚಿಹ್ನೆಗಳನ್ನಷ್ಟೇ ಉಳಿಸಿ ಪದ್ಯವನ್ನು ತುಂಬಿಸು ಎನ್ನುವುದು. ಪ್ರಹೇಳಿಕೆಯೂ ಇದೆ. ಕಾಗುಣಿತ ಇರುವ ಲಿಪಿಯಲ್ಲಿ ಈ ಆಟ ಆಗದು ಎನ್ನುವವರಿಗೆ ಇದಕ್ಕಿಂತ ಹಳೆಯ ಉತ್ತರ ಬೇಕೆ? ದಂಡಿ ಕಾವ್ಯಾದರ್ಶದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಹೇಳಿ, ಹಿಂದಿನವರು ಹದಿನಾಲ್ಕು ಬಗೆಯ ಕೆಟ್ಟ ಪ್ರಹೇಳಿಕೆಗಳನ್ನೂ ಗುರುತಿಸಿದ್ದಾರೆ ಎನ್ನುತ್ತಾನೆ. ಕ್ಸಿಮೆನೆಸ್‌ಗಿಂತ ಸಾವಿರ ವರ್ಷಕ್ಕೂ ಮೊದಲೇ ಒಗಟಿನ ನ್ಯಾಯ ಅನ್ಯಾಯದ ಚರ್ಚೆ ಇಲ್ಲಿ ನಡೆದಿತ್ತು. ಆ ದಂಡಿಯನ್ನು ಬಗಲಲ್ಲಿಟ್ಟುಕೊಂಡೇ ಬರೆದ ನಮ್ಮ ಕವಿರಾಜಮಾರ್ಗ ತನ್ನ ಮೂರು ಪರಿಚ್ಛೇದಗಳಲ್ಲಿ ಒಂದನ್ನು ಇಡಿಯಾಗಿ ಶಬ್ದಾಲಂಕಾರಕ್ಕೆ ಕೊಟ್ಟಿದೆ. ಮುಂದೆ ಅಲ್ಲಮನ ಬೆಡಗು ಬಂತು, ಕನಕದಾಸರ ಮುಂಡಿಗೆ ಬಂತು. ನಮ್ಮಜ್ಜಿ ಓದು ಬರಹ ಬಾರದವರು, ರಾತ್ರಿ ಅವರೆಕಾಯಿ ಬಿಡಿಸುತ್ತಾ ಒಗಟು ಹಾಕುತ್ತಿದ್ದರು. ಬೇಡನಿಂದ ಕವಿಯಾದ ವಾಲ್ಮೀಕಿಯ ಕಥೆಯನ್ನು ಹೇಳುವಾಗಲೂ ಜನ ಅವನ ಬಾಯಲ್ಲಿ ಮರಾ ಮರಾ ಎನ್ನಿಸಿ ರಾಮನನ್ನು ಹೊರತೆಗೆಯುತ್ತಾರೆ. ಆದಿಕವಿಗೆ ಸಿಕ್ಕ ಮೊದಲ ಪಾಠವೇ ಹಿಂದುಮುಂದಿನ ಸುಳಿವು.

ಹಾಗಾದರೆ ಇದೆಲ್ಲ ಹೋದದ್ದೆಲ್ಲಿಗೆ? ಪೂರ್ತಿ ಹೋಗಿಲ್ಲ. ಶತಾವಧಾನಿ ಗಣೇಶರ ಅವಧಾನಗಳಲ್ಲಿ ನಿಷೇಧಾಕ್ಷರಿ, ದತ್ತಪದಿ, ಸಮಸ್ಯಾಪೂರಣಗಳಿಗೆ ಸಭಾಂಗಣ ತುಂಬುತ್ತದೆ. ಆದರೆ ಅಲ್ಲಿ ನಾವು ಪ್ರೇಕ್ಷಕರು, ಚಪ್ಪಾಳೆ ಹೊಡೆದು ಮನೆಗೆ ಬರುವವರು. ಇನ್ನೊಂದು ತುದಿಯಲ್ಲಿ ಡುಂಡಿರಾಜರ ಹನಿಗವನ ಇದೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕದ ನೆನಪಿದೆ, ಕೈಲಾಸಂ ಜೋಕುಗಳಿವೆ. ಅಲ್ಲೂ ನಾವು ನಗುವವರು. ಓದುಗರೇ ಕೈ ಹಾಕಿ ಬಿಡಿಸಬೇಕಾದ ಜಾಗ, ದಿನವೂ ಬೆಳಿಗ್ಗೆ ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಸಿಗುವ ಜಾಗ ಪದಬಂಧ ಒಂದೇ. ಅಲ್ಲಿ ಮಾತ್ರ ನಾವು 'ತಾವರೆ (3)' ಎಂದು ಕೇಳಿ ಕೈತೊಳೆದುಕೊಳ್ಳುತ್ತೇವೆ.

ಹೋದದ್ದಕ್ಕೆ ನನ್ನಂಥವರೂ ಕಾರಣ. ನಾನು ಅಲಂಕಾರ ಗ್ರಂಥಗಳಲ್ಲಿ ಶಬ್ದಚಮತ್ಕಾರದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೊದಲ ಸಾರಾಂಶ ಮಂಡಿಸಿದ ದಿನ ಹಿರಿಯರೊಬ್ಬರು ನಕ್ಕು, "ಚಿತ್ರಕಾವ್ಯ ಅಧಮ ಅಂತ ಮಮ್ಮಟನೇ ಹೇಳಿದ್ದಾನಲ್ಲಮ್ಮಾ, ಇದರಲ್ಲಿ ಹೊಸದಾಗಿ ಏನು ಹುಡುಕ್ತೀಯ?" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ನನಗೆ ಇನ್ನೂ ಮೂರು ಸಹಿ ಬೇಕಿತ್ತು. ಈಗ ಉತ್ತರ ಹೇಳುತ್ತೇನೆ. ಮಮ್ಮಟ ಹೇಳಿದ್ದು ಕಾವ್ಯದ ತಾರತಮ್ಯ. ಭಾಷೆಯ ಆರೋಗ್ಯದ ಮಾತು ಬೇರೆ. ತೊದಲುವ ಮಗು ಪದಗಳನ್ನು ತಿರುಚಿ ಆಡುತ್ತದೆ, ಆಡುತ್ತಾ ಆಡುತ್ತಾ ಭಾಷೆಯನ್ನು ತನ್ನದು ಮಾಡಿಕೊಳ್ಳುತ್ತದೆ. ನಾವು ಕನ್ನಡವನ್ನು ಉಳಿಸಲು, ಬೆಳೆಸಲು, ಮೆರೆಸಲು ಸದಾ ಸಿದ್ಧ. ಅದರ ಜೊತೆ ಆಡಲು ಮಾತ್ರ ನಮಗೆ ನಾಚಿಕೆ. ಆಡದ ಭಾಷೆ ಪೂಜೆಗೆ ಉಳಿಯುತ್ತದೆ, ಬಳಕೆಗೆ ಉಳಿಯುವುದಿಲ್ಲ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ವರ್ಷಗಟ್ಟಲೆ ದಿನಕ್ಕೊಂದು ಪದಬಂಧ ಹೆಣೆಯುವವರ ಶ್ರಮ ಸಣ್ಣದಲ್ಲ. ಕನ್ನಡದಲ್ಲಿ ಒಂದು ಮನೆಗೆ ಎರಡು ಪದ ಹೊಂದಬೇಕಾದರೆ ವ್ಯಂಜನ ಕೂಡಿದರೆ ಸಾಲದು, ಗುಣಿತವೂ ಕೂಡಬೇಕು. ಆ ಕಷ್ಟಕ್ಕೆ ನನ್ನ ನಮಸ್ಕಾರ. ಆಗೊಮ್ಮೆ ಈಗೊಮ್ಮೆ ಅವರೂ 'ತಿರುಗಿ ನಿಂತಿದೆ', 'ತಲೆಕೆಳಗಾಗಿದೆ' ಎಂಬ ಚೇಷ್ಟೆ ಮಾಡುತ್ತಾರೆ, ಮಾಡಿದ ದಿನ ಓದುಗರಿಗೆ ಖುಷಿಯಾಗುತ್ತದೆ. ನನ್ನ ಕೋರಿಕೆ, ಆ ಚೇಷ್ಟೆಯೇ ನಿಯಮವಾಗಲಿ ಎಂದು.

"ಓದುಗರಿಗೆ ಇದು ಕಷ್ಟ" ಎಂಬ ಮಾತು ಈಗ ಬಂದೇ ಬರುತ್ತದೆ. ಸಂಪಾದಕೀಯ ಮೇಜಿನಲ್ಲಿ ಕೂತವರು ಓದುಗರ ಬಗ್ಗೆ ತೋರಿಸುವ ಈ ಕರುಣೆ ನನಗೆ ಯಾವತ್ತೂ ಅರ್ಥವಾಗಿಲ್ಲ. ತಾವರೆಗೆ ಏಳು ಸಂಸ್ಕೃತ ಹೆಸರು ಗೊತ್ತಿರಬೇಕು ಎನ್ನುವುದು ಕಷ್ಟವಲ್ಲ, ಕರಿಗೆ ಕೊಂಬು ಹಾಕುವುದು ಕಷ್ಟವೇ? ಸಮಾನಾರ್ಥಕಗಳ ಪದಬಂಧ ಓದಿಕೊಂಡವರ ಪರ ವಾಲುತ್ತದೆ. ಚಮತ್ಕಾರದ ಸುಳಿವಿಗೆ ಮನೆಮಾತು, ಕಾಗುಣಿತ, ಒಂದಿಷ್ಟು ತುಂಟತನ ಸಾಕು.

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಹಾಳೆಯಲ್ಲಿ ಹತ್ತು ಸುಳಿವು ಬರೆದುಕೊಂಡು ಹೋಗಿ ಅಪ್ಪನ ಮುಂದಿಟ್ಟೆ. ಬಗೆ ಹೇಗೆಂದು ಎರಡು ಉದಾಹರಣೆ ಕೊಟ್ಟೆ. ಮೊದಲ ಅರ್ಧ ಗಂಟೆ ಅವರು "ಇದೆಂಥ ಗೋಳವ್ವಾ" ಎಂದು ಗೊಣಗಿದರು. 'ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ (2)' ಎಂಬುದರ ಮುಂದೆ ಬಹಳ ಹೊತ್ತು ಕೂತರು. ಆಮೇಲೆ ಒಮ್ಮೆಲೇ ತೊಡೆ ತಟ್ಟಿ, "ನದಿ, ದಿನ!" ಎಂದರು. ಅಮ್ಮ ಒಳಗಿನಿಂದ "ಏನಾಯ್ತೂ?" ಎಂದು ಓಡಿ ಬಂದರು. ಉತ್ತರ ಸರಿಯೇ ಎಂದು ಅಪ್ಪ ನನ್ನನ್ನು ಕೇಳಲಿಲ್ಲ. ನಾನು ಕಾದಿದ್ದೆ, ಕೇಳಲೇ ಇಲ್ಲ.

ಮುಂದಿನದು ಇನ್ನೂ ಚೆನ್ನಾಗಿತ್ತು. ನಾನು 'ರಸ್ತೆಯ ಹಳ್ಳದ ಸೊನ್ನೆ ಮುಚ್ಚಿದರೆ ದೇವರ ಮನೆ (2)' ಎಂದು ಬರೆದಿದ್ದೆ. ಹಳ್ಳ ಎಂದರೆ ಗುಂಡಿ, ಸೊನ್ನೆ ತೆಗೆದರೆ ಗುಡಿ. ಅಪ್ಪ ಉತ್ತರ ಬರೆದರು, ಆಮೇಲೆ ಕನ್ನಡಕದ ಮೇಲಿನಿಂದ ನೋಡಿ ಹೇಳಿದರು: "ಸೊನ್ನೆ ಮುಚ್ಚಿದ್ರೆ ಅಂತ ಬರ್ದಿದ್ದೀಯ. ಮುಚ್ಚಿದ್ರೆ ಒಳಗೆ ಇದ್ದೇ ಇರುತ್ತೆ. ಅಳಿಸಿದ್ರೆ ಅಂತ ಬರಿ. ಮತ್ತೆ ದೇವರ ಮನೆ ಅಂದ್ರೆ ನಮ್ಮನೇಲಿರೋ ಪೂಜೆ ಕೋಣೆ, ಗುಡಿ ಅಲ್ಲ. ದೇವಸ್ಥಾನ ಅನ್ನು."

ಎರಡೂ ಸರಿಯಾಗಿದ್ದವು. ತಿದ್ದಿದೆ. ದಸರೆಯಲ್ಲಿ ಪತ್ರಿಕೆಯ ಮುಂದೆ ತನ್ನ ಸರಿಯನ್ನು ಅಳಿಸಿಕೊಂಡ ಮನುಷ್ಯ ಸಂಕ್ರಾಂತಿಯಲ್ಲಿ ಸುಳಿವು ಬರೆದವಳ ತಪ್ಪನ್ನು ಅಳಿಸಿದರು. ನಡುವೆ ಅವರ ಕನ್ನಡ ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಬದಲಾದದ್ದು ಸುಳಿವು ಮಾತ್ರ.

ಹಾಗಾಗಿ ಪತ್ರಿಕೆಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ನಾಳೆಯಿಂದಲೇ ಇಡೀ ಪದಬಂಧವನ್ನು ಬದಲಿಸಿ ಎನ್ನುತ್ತಿಲ್ಲ. ದಿನಕ್ಕೆ ಒಂದು ಸುಳಿವು ಹೀಗಿರಲಿ. ಭಾನುವಾರ ಐದಿರಲಿ. ಮೊದಲ ತಿಂಗಳು ಉತ್ತರದ ಜೊತೆ ಬಿಡಿಸಿದ ಬಗೆಯನ್ನೂ ಎರಡು ಸಾಲಿನಲ್ಲಿ ಅಚ್ಚು ಹಾಕಿ. ಓದುಗರು ಕಳಿಸಿದ ಸುಳಿವುಗಳಿಗೆ ಜಾಗ ಕೊಡಿ. ಹೆಸರು ಬೇಕೆಂದರೆ ಬೆಡಗಿನ ಪದಬಂಧ ಎಂದು ಕರೆಯಿರಿ. ಕನ್ನಡ ಮೇಷ್ಟ್ರುಗಳು ಲೋಪಸಂಧಿ ಪಾಠದ ದಿನ ಕಲ್ಲಂಗಡಿಯ ಸುಳಿವು ಕೊಟ್ಟು ನೋಡಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಪ್ರಾಧಿಕಾರ ಬೇಡ, ಸಮ್ಮೇಳನದ ನಿರ್ಣಯವಂತೂ ಬೇಡವೇ ಬೇಡ.

ಮುಗಿಸುವ ಮೊದಲು ಒಂದು ಸುಳಿವು ಬಿಟ್ಟು ಹೋಗುತ್ತೇನೆ. ಇದ್ದದ್ದು ಎರಡೇ ಪದ, ಅಪ್ಪ ಇದನ್ನು ಮೂರು ನಿಮಿಷದಲ್ಲಿ ಬಿಡಿಸಿದರು.

ಹುಡುಕು, ದೊರೆ (3).

ಉತ್ತರವನ್ನು ಮುಂದಿನ ವಾರವೂ ಕೊಡುವುದಿಲ್ಲ. ಸಿಕ್ಕಿದಾಗ ನಿಮಗೇ ಗೊತ್ತಾಗುತ್ತದೆ.